ಅಪ್ಪ ತಿಕ್ಕುತ್ತಿದ್ದ ಬಾನಿ

ಫಿನೈಲ್ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಯರಗುಪ್ಪಿಯ ನಮ್ಮ ದನದ ಮನೆ ಕಣ್ಣಿಗೆ ಕಟ್ಟುತ್ತದೆ. ಹಸಿ ಮೇವು, ಗಂಜಲ, ಕರುವಿನ ಬೆಚ್ಚನೆ ಉಸಿರು, ಬಾಗಿಲಲ್ಲಿ ಅಪ್ಪ ದಿನಾ ತಿಕ್ಕಿ ತೊಳೆಯುತ್ತಿದ್ದ ಕಲ್ಲಿನ ಬಾನಿ. ನಮಗೊಂದೇ ಎತ್ತು, ಬಾಜು ಮನೆಯ ಈರಪ್ಪ ಕಾಕಾನಿಗೂ ಒಂದೇ. ಎರಡನ್ನೂ ಜೋಡಿ ಕಟ್ಟಿ ಎರಡೂ ಮನೆಯ ಹೊಲ ಬಿತ್ತುವುದು, ದುಡಿದ ಎತ್ತುಗಳು ನಮ್ಮ ಬಾನಿಯಲ್ಲೇ ನೀರು ಕುಡಿಯುವುದು ರೂಢಿ. ನಾನು ಚಿಕ್ಕವಳಿದ್ದಾಗ ಒಂದು ವರ್ಷ, ಬಿತ್ತಲು ನೆಲ ಹದಕ್ಕೆ ಬಂದ ದಿನ ಕಾಕಾನ ಎತ್ತು ಜೊಲ್ಲು ಸುರಿಸುತ್ತ, ಕಾಲು ಎಳೆಯುತ್ತ ಬಂತು. ಹೆಗಲ ಮೇಲಿನ ವಸ್ತ್ರದಿಂದ ಕಾಕಾ ಅದರ ಬಾಯಿ ಒರೆಸಿದ. "ಬಿಸಲಿಗಿ ಹಂಗ ಆಗೇತಿ, ಹೂಡೂಣು ನಡಿ," ಅಂದ. ಅಪ್ಪ ನಂಬಿದ.

ನಾಲ್ಕನೆಯ ದಿನ ಕಾಲುಬಾಯಿ ಬೇನೆ ನಮ್ಮ ದನದ ಮನೆ ಹೊಕ್ಕಿತು. ಎತ್ತಿನ ಗೊರಸಿನ ಹುಣ್ಣನ್ನು ಅಪ್ಪ ಫಿನೈಲ್ ಹಾಕಿ ತೊಳೆದ. ಬಾಯಿ ಹುಣ್ಣಾಗಿ ಆಕಳು ಮೇವು ಬಿಟ್ಟಿತು. ನಾನೇ ಹೆಸರಿಟ್ಟಿದ್ದ ಕರು ಚಂದ್ರಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಕಾಕಾ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳಿದ, "ಅವರ ಬಾನ್ಯಾಗಿನ ಹೊಲಸ ನೀರಿಂದನ ಬಂತ್ರಿ ಈ ಬ್ಯಾನಿ. ನನ್ನ ಎತ್ತಿಗೂ ಅಲ್ಲಿಂದನ ಹತ್ತೇತಿ." ಅಪ್ಪ ಅದನ್ನೂ ನಂಬಿದ. ದುಡಿಯಲಾರದ ಎತ್ತು, ಹಾಲು ಬತ್ತಿದ ಆಕಳು ಎರಡೂ ಮಾರಾಟವಾಗಿ ಹೋದ ಮೇಲೂ, ತಾನು ಸಾಯುವವರೆಗೆ, ಕರುವನ್ನು ತಾನೇ ಕೊಂದವನಂತೆ ಆ ಬಾನಿ ತಿಕ್ಕಿದ. ಅವನ ಸುಲಿದ ಬೆರಳು ಕಂಡಾಗಲೆಲ್ಲ ಕಾಕಾನ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಈಗ ದನಗಳಿಗೆ ಲಸಿಕೆ ಹಾಕುವುದೇ ನನ್ನ ಕೆಲಸ. ಹೋದ ತಿಂಗಳು ಯರಗುಪ್ಪಿಯಲ್ಲಿ ಲಸಿಕೆಯ ಸಾಲಿನಲ್ಲಿ ಕಾಕಾ ಆಕಳು ಹಿಡಿದು ನಿಂತಿದ್ದ, ಮುದುಕನಾಗಿದ್ದ. ನಾನು ಸೂಜಿ ಎತ್ತಿ ಹಿಡಿದೇ ಎಲ್ಲರಿಗೂ ಕೇಳುವಂತೆ ಕೇಳಿದೆ.

"ಕಾಕಾ, ಅವತ್ತ ನಿಮ್ಮ ಎತ್ತಿಗೆ ಬ್ಯಾನಿ ಹತ್ತಿದ್ದು ನಿಮಗ ಗೊತ್ತಿತ್ತಲ್ರಿ?"

ಅವನು ಆಕಳ ಬೆನ್ನು ಸವರಿದ. "ಗೊತ್ತಿತ್ತವಾ. ಹದ ತಪ್ಪತೈತಿ ಅಂತ ಹೇಳಲಿಲ್ಲ. ತಪ್ಪಾತು."

"ಅದನ್ನ ಅಪ್ಪನ ಮುಂದ ಅನಬೇಕಿತ್ರಿ. ನನ್ನ ಮುಂದ ಬ್ಯಾಡ."

ಆಕಳಿಗೆ ಚುಚ್ಚಿದೆ, ಅದರದೇನು ತಪ್ಪು? ಊರ ಮುಂದೆ ಕಾಕಾನ ತಲೆ ತಗ್ಗಿದ್ದು ನೋಡಿ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ನಮ್ಮ ಹಾಳುಬಿದ್ದ ದನದ ಮನೆಗೆ ಹೋದೆ. ಬಾನಿಯೊಳಗಿನ ಕಸ ಬಳಿದು ಹಾಕಿದೆ. ಅಪ್ಪ ತಿಕ್ಕಿದ ತಳ ಇನ್ನೂ ನುಣುಪಾಗಿತ್ತು.

"ನಮ್ಮ ಬಾನಿ ಹೊಲಸ ಇದ್ದಿಲ್ಲಪಾ," ಅಂದೆ.

ಕೇಳಬೇಕಾದವನು ಇರಲಿಲ್ಲ.