ವೈಂಡಿಂಗ್ ಅಕ್ಕನ ಮೀಟರ್

ಸುಟ್ಟ ಮೋಟಾರನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಅದಕ್ಕೆ ಮತ್ತೆ ಜೀವ ಕೊಡುವುದು ಅವಳ ಕೆಲಸ. ಬೀದಿಗೆಲ್ಲ ಅವಳು ವೈಂಡಿಂಗ್ ಅಕ್ಕ. ಅಂಗಡಿ ಅಪ್ಪನ ಕಾಲದ್ದು, ಈಗ ಅಣ್ಣನದು. ಮುಂದುಗಡೆ ಗಿರಾಕಿಗಳು ನಿಲ್ಲುವ ಜಾಗ, ಹಿಂದೆ ವಾರ್ನಿಷ್ ವಾಸನೆಯ ಕೋಣೆ, ಅಲ್ಲಿ ಕೈಯಿಂದ ತಿರುಗಿಸುವ ಸುತ್ತುಯಂತ್ರ. ಇಪ್ಪತ್ತು ವರ್ಷದಿಂದ ಆ ಯಂತ್ರದ ಮುಂದಿನ ಸ್ಟೂಲು ಅವಳದು. ತಿರುಗುವ ಫ್ಯಾನಿನ ಸದ್ದು ಕೇಳಿಯೇ ರೋಗ ಎಲ್ಲಿದೆ ಅಂತ ಹೇಳುವಷ್ಟು ಚುರುಕು ಕಿವಿ ಅವಳದು.

ಅಪ್ಪ ಆ ಅಂಗಡಿಗೆ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದರು. ಸುತ್ತಿನ ಲೆಕ್ಕ ಮನಸ್ಸಿನಲ್ಲೇ ಇರಬೇಕು. ಸುತ್ತು ಎಣಿಸುವ ಮೀಟರ್ ಹಾಕಿಕೊಳ್ಳುವವರನ್ನು ಕಂಡರೆ "ಇನ್ನೂ ಕಲೀತಿದ್ದಾರೆ ಪಾಪ" ಅಂತ ಮೂಗು ಮುರಿಯುತ್ತಿದ್ದರು. ನೂರಿಪ್ಪತ್ತು ಸುತ್ತು ಅಂದರೆ ನೂರಿಪ್ಪತ್ತೇ. ಹತ್ತು ಕಡಿಮೆಯಾದರೆ ಮೋಟಾರ್ ಬಿಸಿಯಾಗಿ ಹೊಗೆ ಕಾರುತ್ತದೆ.

ಇವಳಿಗೋ ಅರವತ್ತು ದಾಟುವಷ್ಟರಲ್ಲಿ ಬೀದಿಯಲ್ಲೊಂದು ಹಾರ್ನ್ ಕೇಳಿಸಿದರೆ ಸಾಕು, ಲೆಕ್ಕ ಗಾಳಿಗೆ ಹೋಗುತ್ತಿತ್ತು. ಆಗ ಯಾರಿಗೂ ಗೊತ್ತಾಗದ ಹಾಗೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದಳು. ಕೈ ಎಂಥ ಚುರುಕೆಂದರೆ, ಅಣ್ಣ ಎರಡು ಸುರುಳಿ ಸುತ್ತುವ ಹೊತ್ತಿಗೆ ಅವಳು ಮೂರು ಸುತ್ತಿರುತ್ತಿದ್ದಳು. ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಒಂದೇ. "ನಮ್ಮವಳು ಸ್ವಲ್ಪ ನಿಧಾನ" ಅಂತ ಅಣ್ಣ ಗಿರಾಕಿಗಳ ಮುಂದೆ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆ ನಗು ನೆನೆದರೆ ಹೇಳುವ ನನಗೇ ಮೈ ಉರಿಯುತ್ತದೆ.

ವಿಷಯ ಬಯಲಾದದ್ದು ಮಗಳ ದೆಸೆಯಿಂದ. ಹನ್ನೊಂದರ ಹುಡುಗಿ ಪಾಠದಲ್ಲಿ ಕೂರುವುದಿಲ್ಲ ಅಂತ ಶಾಲೆಯವರು ಹೇಳಿದ ಮೇಲೆ ಗಂಡ ಹೆಂಡತಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

"ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡ್ತಾಳಾ?" ಡಾಕ್ಟರು ಕೇಳಿದರು.

"ಬಿಡ್ತಾಳೆ," ಅಂದ ಗಂಡ.

"ಸಾಮಾನು ಎಲ್ಲೆಲ್ಲೋ ಇಟ್ಟು ಹುಡುಕ್ತಾಳಾ?"

"ದಿನಾ ಅದೇ ಕೆಲಸ. ನಿನ್ನೆ ಫೋನು ಫ್ರಿಜ್ಜಲ್ಲಿ ಸಿಕ್ತು."

"ಮಗು ಕೈಗೆ ಫೋನ್ ಕೊಟ್ಟಿದ್ದೀರಾ?"

"ಅಯ್ಯೋ, ಮಗಳಲ್ಲ ಡಾಕ್ಟ್ರೇ, ನಾನು ಇವಳ ವಿಷಯ ಹೇಳ್ತಿದ್ದೆ!"

ಡಾಕ್ಟರು ಪೆನ್ನು ಕೆಳಗಿಟ್ಟು ಅವಳತ್ತ ತಿರುಗಿದರು. ಇನ್ನೂ ಎರಡು ಸಲ ಹೋಗಿಬಂದ ಮೇಲೆ ತಾಯಿಗೂ ಮಗಳಿಗೂ ಒಂದೇ ಹೆಸರು ಸಿಕ್ಕಿತು: ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ. ಅವಳಿಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. ಸೋಮಾರಿ, ಮರೆಗುಳಿ, ಮೈಮೇಲೆ ಎಚ್ಚರವಿಲ್ಲದವಳು ಅಂತ ನಲವತ್ತೆರಡು ವರ್ಷ ಕೇಳಿಸಿಕೊಂಡಿದ್ದಳಲ್ಲ! ಮನೆಗೆ ಬಂದವಳೇ ಮಗಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ಯಾರಾದ್ರೂ ಸೋಮಾರಿ ಅಂದ್ರೆ ಸೀದಾ ನನ್ನ ಹತ್ರ ಕಳಿಸು," ಅಂದಳು.

ಮನೆಯ ರೀತಿಯೂ ಬದಲಾಯಿತು. ಬೀಗದಕೈಗೆ ಬಾಗಿಲ ಪಕ್ಕ ಒಂದು ಮೊಳೆ ಬಂತು. ಗಂಡ ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳುವುದು ಬಿಟ್ಟು, ಒಂದು ಮುಗಿದ ಮೇಲೆ ಇನ್ನೊಂದು ಹೇಳುವುದನ್ನು ಕಲಿತ. ಬೆಳಿಗ್ಗೆ ಮಾತ್ರೆ ನುಂಗಿದರೆ ತಲೆಯೊಳಗಿನ ಗಲಾಟೆ ಸ್ವಲ್ಪ ತಗ್ಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಅವಳು ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಬೇಕರಿಯ ಹಿಟ್ಟು ಕಲಸುವ ಯಂತ್ರದ ಮೋಟಾರ್ ಬಂತು. ಸುತ್ತು ತೊಂಬತ್ತರ ಹತ್ತಿರ ಇದ್ದಾಗ ಅಣ್ಣ ಮುಂದಿನಿಂದ, "ಆ ಹಳೇ ಫ್ಯಾನ್ ಎಲ್ಲಿಟ್ಟೆ?" ಅಂತ ಕೂಗಿದ. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಲೆಕ್ಕ ಮಾಯ. ಅವತ್ತು ಬೇಕರಿಯವನು ಬಾಗಿಲಲ್ಲೇ ಕಾದು ನಿಂತಿದ್ದ. ಬಿಚ್ಚುವ ಧೈರ್ಯ ಬರಲಿಲ್ಲ, ಅಂದಾಜಿನ ಮೇಲೆ ಮುಗಿಸಿದಳು. ಮೂರನೆಯ ದಿನ ಅವನು ಸುಟ್ಟ ಮೋಟಾರ್ ಹೊತ್ತು ತಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ.

"ಸೋಮವಾರದಿಂದ ನೀನು ಮುಂದೆ ಕೂತ್ಕೋ," ಅಂದ ಅಣ್ಣ. "ಬಂದವರ ಹತ್ರ ಮಾತಾಡು, ಚೀಟಿ ಬರಿ. ಸುತ್ತೋದು ನಾನು ನೋಡ್ಕೋತೀನಿ."

ಚೀಟಿ ಬರೆಯುವುದು! ಒಬ್ಬರ ಚೀಟಿ ಇನ್ನೊಬ್ಬರ ಮಿಕ್ಸಿಗೆ ಕಟ್ಟಿ ವಾರದೊಳಗೆ ಅಂಗಡಿ ಮುಳುಗಿಸುತ್ತಾಳೆ ಅಂತ ಅವಳಿಗೇ ಗೊತ್ತಿತ್ತು. ಅದು ಹಾಳಾಗಲಿ. ಆ ಸ್ಟೂಲು ಹೋದರೆ ಅವಳಿಗೆ ಬರುವ ಒಂದೇ ವಿದ್ಯೆ ಹೋದಂತೆ.

ಸೋಮವಾರ ಎಲ್ಲರಿಗಿಂತ ಮೊದಲು ಬಂದಳು. ಯಂತ್ರಕ್ಕೆ ಒಂದು ಮೀಟರ್ ಬಿಗಿದಳು. ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ, "ಸುತ್ತುತ್ತಿದ್ದೇನೆ, ಮಾತಾಡಿಸಬೇಡಿ" ಅಂತ ಮಗಳು ಬರೆದುಕೊಟ್ಟ ರಟ್ಟನ್ನು ಬೆನ್ನ ಹಿಂದೆ ತೂಗುಹಾಕಿದಳು.

ಅಣ್ಣ ಬಂದವನು ಬಾಗಿಲಲ್ಲೇ ನಿಂತ. "ಏನೇ ಇದು?"

"ಮೀಟರ್."

"ಅಪ್ಪ ನೋಡಿದ್ರೆ ಏನಂತಿದ್ರು?"

"ಕಲೀತಿದ್ದಾಳೆ ಪಾಪ ಅಂತಿದ್ರು. ಅನ್ನಲಿ."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅಣ್ಣ ಕೈ ಕೊಡವಿದ. "ಈಗ ಎಲ್ಲದಕ್ಕೂ ಒಂದು ಹೆಸರು. ಮನಸ್ಸಿಟ್ಟು ಮಾಡಿದ್ರೆ ಯಾಕಾಗಲ್ಲ? ಏಳು, ತೋರಿಸ್ತೀನಿ."

ಮೀಟರಿನ ಮೇಲೆ ಬಟ್ಟೆ ಮುಚ್ಚಿ ಸುತ್ತಲು ಕೂತ. ಹೊರಗೆ ಯಾರೋ ಕರೆದರು, ಲಾರಿ ಹೋಯಿತು. ಅವನ ಹುಬ್ಬೂ ಅಲುಗಲಿಲ್ಲ. "ನೂರಿಪ್ಪತ್ತು," ಅಂದು ಬಟ್ಟೆ ಸರಿಸಿದ.

ಅವನ ಲೆಕ್ಕ ತಪ್ಪಿರಲಿ ಅಂತ ನಾವು ನೀವು ಎಷ್ಟು ಬೇಡಿಕೊಂಡರೂ ಅದು ತಪ್ಪಿರಲಿಲ್ಲ. ಮೀಟರಿನಲ್ಲೂ ನೂರಿಪ್ಪತ್ತೇ ಇತ್ತು.

"ನೋಡಿದ್ಯಾ?"

"ನೋಡ್ದೆ. ನನ್ನಿಂದ ಅದಾಗಲ್ಲ ಅಣ್ಣ. ಆಗುತ್ತೆ ಅಂತ ಇಪ್ಪತ್ತು ವರ್ಷ ನಾಟಕ ಆಡ್ದೆ. ಒಂದೊಂದನ್ನೂ ಮೂರು ಮೂರು ಸಲ ಬಿಚ್ಚಿ ಸುತ್ತಿದ್ದೀನಿ. ಕೈ ಚರ್ಮ ಸುಲಿದ್ರೂ ಉಸಿರೆತ್ತಲಿಲ್ಲ. ಅದು ಮನಸ್ಸಿಟ್ಟಿದ್ದಲ್ವಾ?"

ಅಣ್ಣ ಅವಳ ಬೆರಳುಗಳನ್ನು ನೋಡಿದ.

"ಇನ್ನು ನಾಟಕ ಇಲ್ಲ. ಏಳು, ಅದು ನನ್ನ ಸ್ಟೂಲು."

ಅವನು ಎದ್ದ. ಎದ್ದರೂ ಬಿಗುಮಾನ ಬಿಡಲಿಲ್ಲ. "ಮೀಟರ್ ತೆಗೆದು ಸುತ್ತು."

"ತೆಗೆಯಲ್ಲ."

"ಹಾಗಾದ್ರೆ ಮುಂದೆ ಹೋಗಿ ಕೂತ್ಕೋ."

"ಹೋಗಲ್ಲ."

ಬೇಕರಿಯ ಮೋಟಾರಿಗೆ ಹೊಸ ತಂತಿ ಎಳೆದು, ಮೀಟರನ್ನು ಸೊನ್ನೆಗೆ ತಂದು, ಗೋಡೆಗೆ ಮುಖ ಮಾಡಿ ಹಿಡಿ ತಿರುಗಿಸತೊಡಗಿದಳು. ಅಣ್ಣ ಬೆನ್ನ ಹಿಂದೆ ನಿಂತೇ ಇದ್ದ. ಅಷ್ಟರಲ್ಲಿ ಮುಂದಿನಿಂದ, "ಯಾರ್ರೀ ಒಳಗೆ? ನನ್ನ ಫ್ಯಾನ್ ಏನಾಯ್ತು?" ಅಂತ ಯಾರೋ ಗಂಟಲು ಹರಿಯುವಂತೆ ಕೂಗಿದರು. ಇಷ್ಟು ವರ್ಷ ಆ ಕೂಗಿಗೆ ಸುತ್ತು ಬಿಟ್ಟು ಎದ್ದು ಓಡುತ್ತಿದ್ದವಳು ಅವಳು. ಇವತ್ತು ಏಳಲಿಲ್ಲ. ಇನ್ನೊಮ್ಮೆ ಕೂಗಿದರು, ಆಗಲೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನ ಚಪ್ಪಲಿ ಸದ್ದು ಮುಂದಕ್ಕೆ ಹೋಯಿತು.

"ಸ್ವಲ್ಪ ಮೆಲ್ಲಗೆ ಮಾತಾಡಿ," ಅಂದ ಅಣ್ಣ ಗಿರಾಕಿಗೆ. "ಒಳಗೆ ನನ್ನ ತಂಗಿ ಸುತ್ತುತ್ತಾ ಇದ್ದಾಳೆ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮನಸ್ಸಿನಲ್ಲಿದ್ದ ಲೆಕ್ಕ ತಪ್ಪಿತು. ಕಣ್ಣೊರೆಸಿಕೊಂಡು ಮೀಟರ್ ನೋಡಿದಳು. ಎಂಬತ್ತೇಳು. ಎಂಬತ್ತೆಂಟನೆಯ ಸುತ್ತು ಸುತ್ತಿದಳು.