ಎರಡು ಕೀಲಿಗೆ ಬರುವ ಮಾತು

ಮಾಸ್ತರು ನಕ್ಕಾಗ ಅವರ ಕೊರಳಿನ ಬಿಳಿ ಅರಿವೆ ನಗುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಉಸಿರಾಟಕ್ಕೆಂದು ಅಲ್ಲೊಂದು ರಂಧ್ರ ಉಳಿದಿತ್ತು. ಅದರ ಮೇಲೆ ತೆಳುವಾದ ಅರಿವೆ ಇಳಿಬಿಟ್ಟಿರುತ್ತಿದ್ದರು. ನಕ್ಕರೆ ಅದು ಪಟಪಟ ಹಾರುತ್ತಿತ್ತು, ಸಿಟ್ಟು ಬಂದರೆ ಕೊರಳಿಗೆ ಅಂಟಿಕೊಳ್ಳುತ್ತಿತ್ತು. ಹೊಸಬರು ಅವರ ಮುಖ ನೋಡುತ್ತಿದ್ದರು. ಹಳಬರಾದ ನಾವು ಅರಿವೆ ನೋಡುತ್ತಿದ್ದೆವು.

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅಂಗಡಿಯಿಟ್ಟು ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡುತ್ತ, ಗಿರಾಕಿಗಳೊಡನೆ ಕನ್ನಡ ಉರ್ದು ಬೆರೆಸಿ ಹರಟುತ್ತ ಬಾಳಿದವರು ಅವರು. ಧ್ವನಿ ಹೋದ ಮೇಲೆ ಅಂಗಡಿ ಮುಚ್ಚಿ ಕಮಲಾಪುರದ ಮನೆಗೆ ಬಂದು, ಪಡಸಾಲೆಯಲ್ಲಿ ನಮಗೆ ಕನ್ನಡ ಟೈಪಿಂಗ್ ಕಲಿಸತೊಡಗಿದರು. ಮಾತಾಡದೆ ಅದೇನು ಕಲಿಸುತ್ತಾರೆ ಎಂದು ಊರವರು ನಕ್ಕರಂತೆ. ಮಾಸ್ತರು ತಮ್ಮ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಶಬ್ದ ಊಹಿಸುವ ಕೀಲಿಮಣೆಯೊಂದನ್ನು ಜೋಡಿಸಿದ್ದರು. ಎರಡು ಕೀ ಒತ್ತಿದರೆ ಸಾಕು, ಕೆಳಗೆ ಐದಾರು ಶಬ್ದ ಸಾಲಾಗಿ ಬಂದು ನಿಲ್ಲುತ್ತಿದ್ದವು. ಆರಿಸಿದ ಶಬ್ದವನ್ನು ಸ್ಪೀಕರು ಮೂಗಿನ ದನಿಯಲ್ಲಿ ಓದುತ್ತಿತ್ತು.

ಮೊದಮೊದಲು ಅದಕ್ಕೆ ಪುಸ್ತಕದ ಕನ್ನಡ ಮಾತ್ರ ಬರುತ್ತಿತ್ತು. ಊಟ ಬಡಿಸಬೇಕೆಂದು ಅದರ ಬಾಯಲ್ಲಿ ಹೇಳಿಸಿದಾಗ ಮಾಸ್ತರ ಹೆಂಡತಿ, ನಾವೆಲ್ಲ ಅಕ್ಕೋರು ಎನ್ನುತ್ತಿದ್ದವರು, "ಯಾವ ಸಾಹೇಬ್ರು ಬಂದಾರ ನಮ್ಮ ಮನಿಗಿ?" ಎಂದು ಅಣಕಿಸಿದರು. ಅವತ್ತಿನಿಂದ ಮಾಸ್ತರು ತಮ್ಮ ಮಾತನ್ನು ಅದಕ್ಕೆ ಒಂದೊಂದಾಗಿ ಕಲಿಸಿದರು. ಹೆಚ್ಚು ಸಲ ಬರೆದ ಶಬ್ದ ಸಾಲಿನ ಮುಂದಕ್ಕೆ ಬರುತ್ತದೆ. ನೋಡನೋಡುತ್ತ ಆ ಪೆಟ್ಟಿಗೆ ಕಮಲಾಪುರದ ಮನುಷ್ಯನಾಯಿತು. ನಾವು ತಪ್ಪಿದಾಗ ಅದರಿಂದಲೇ ಹೇಳಿಸುತ್ತಿದ್ದರು: "ಒಮ್ಮೆ ಕಲಿಸಿದ್ರ ಇದು ಮರಿಯಂಗಿಲ್ಲ. ನೀವು ಮರೀತೀರಿ." ತಪ್ಪಿಲ್ಲದೆ ಬರೆದವರಿಗೆ ಒಂದು ಕೆಂಪು ಬಾಳೆಹಣ್ಣು ಸಿಗುತ್ತಿತ್ತು.

ಬೇಸಿಗೆಯಲ್ಲಿ ಒಂದು ಮಾತು ದಿನವೂ ಕೇಳಿಸುತ್ತಿತ್ತು. ಕಿಟಕಿಯ ಬಳಿ ಕಬ್ಬಿಣದ ಕೂಲರ್ ಇತ್ತು. ಅದಕ್ಕೆ ನೀರು ತುಂಬುವವರು ಅಕ್ಕೋರು. ಬಿಸಿಲು ಏರಿದರೆ ನಮ್ಮ ಕಡೆ ಕೂಲರ್ ಮುಟ್ಟಿ ಶಾಕ್ ಹೊಡೆದ ಸುದ್ದಿ ಬರುತ್ತಲೇ ಇರುತ್ತದೆ. ಅವರು ಕೊಡ ಎತ್ತಿದ ಕೂಡಲೇ ಮಾಸ್ತರು ಸ್ಟೀಲ್ ಲೋಟದಿಂದ ಮೇಜು ಬಡಿದು, "ಮುಟ್ಟಬ್ಯಾಡ. ಪ್ಲಗ್ ತಗಿ" ಎಂದು ಹೇಳಿಸುತ್ತಿದ್ದರು. ಅಕ್ಕೋರು ಹಿಂದೆ ತಿರುಗದೆಯೇ, "ತಗದೀನ್ರಿ. ದನಿ ಹೋದ್ರೂ ಕಿರಿಕಿರಿ ಹೋಗ್ಲಿಲ್ಲ" ಎನ್ನುತ್ತಿದ್ದರು. ಅರಿವೆ ಪಟಪಟ ಹಾರುತ್ತಿತ್ತು.

ಒಂದು ಮಧ್ಯಾಹ್ನ ಎಂದಿನಂತೆ ಅಕ್ಕೋರು ಕೂಲರಿನ ಗುಂಡಿ ತಿರುಗಿಸಿ ಬಂದ್ ಮಾಡಿ, ಬಗ್ಗಿ ಪ್ಲಗ್ ಕಿತ್ತರು. ಒಂದೇ ಬೋರ್ಡಿನಲ್ಲಿ ಎರಡು ಕರಿ ಪ್ಲಗ್ಗುಗಳಿದ್ದವು. ಅವರು ಕಿತ್ತದ್ದು ಕಂಪ್ಯೂಟರಿನ ಯುಪಿಎಸ್‌ನದು. ಅದು ಕೀಂ ಕೀಂ ಎನ್ನತೊಡಗಿತು. ಆ ಸದ್ದಿಗೆ ನಮ್ಮಲ್ಲಿ ಇರುವುದು ಒಂದೇ ಅರ್ಥ. "ಕರೆಂಟ್ ಹೋತು" ಎಂದು ಯಾರೋ ಅಂದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಕರೆಂಟ್ ಹೋದ ಮೇಲೂ ಅದು ಒಂದಷ್ಟು ಸುತ್ತು ತಿರುಗುತ್ತದಲ್ಲ, ಎಂದುಕೊಂಡೆ. ಅಕ್ಕೋರು ಚೆಲ್ಲಿದ ನೀರಿನಲ್ಲಿ ಬರಿಗಾಲಲ್ಲಿ ನಿಂತು, ಬಗಲಲ್ಲಿ ಕೊಡ ಇಟ್ಟುಕೊಂಡು, ಇನ್ನೊಂದು ಕೈಯನ್ನು ಕೂಲರಿನ ಬಾಗಿಲಿಗೆ ಚಾಚಿದರು.

ಫ್ಯಾನಿನ ವೇಗ ಇಳಿದಿಲ್ಲವೆಂದು ಕಂಡವರು ಮಾಸ್ತರೊಬ್ಬರೇ. ಅವರು ಮೇಜಿನ ಆಚೆ ಮೂಲೆಯಲ್ಲಿದ್ದರು. ಲೋಟ ಬಡಿದರು. ಯಾರೂ ತಿರುಗಲಿಲ್ಲ, ದಿನಾ ಬಡಿಯುವವರೇ ಅಲ್ಲವೆ? ಅವರು ಬಾಯಿ ತೆರೆದದ್ದು ನನಗೆ ಕಾಣಿಸಿತು. ಇಲ್ಲದ ದನಿಯನ್ನು ಎಳೆದು ತರುವವರಂತೆ ಉಸಿರು ಎಳೆದರು, ಅರಿವೆ ಒಳಕ್ಕೆ ಕುಸಿಯಿತು. ಮರುಕ್ಷಣ ಕೈ ಕೀಲಿಮಣೆಗೆ ಬಿತ್ತು. ಎರಡು ಕೀ, ಮೇಲೊಂದು ಸ್ಪೇಸ್. ಆ ಶಬ್ದ ಸಾಲಿನ ಮೊದಲಲ್ಲೇ ಕಾಯುತ್ತಿತ್ತು.

"ಮುಟ್ಟಬ್ಯಾಡ."

ಕೈ ಕಬ್ಬಿಣದಿಂದ ಒಂದು ಗೇಣು ಈಚೆಗೆ ನಿಂತಿತು. "ತಗದೀನ್ರಿ. ಕರೆಂಟೂ ಇಲ್ಲ" ಎಂದರು ಅಕ್ಕೋರು. ಮಾಸ್ತರು ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಮೂಗಿನ ದನಿ ಏರಲಿಲ್ಲ, ನಡುಗಲಿಲ್ಲ. ಅದೊಂದೇ ಮಾತು ಹೇಳುತ್ತಿತ್ತು. ದಿನವೂ ಅದರ ಹಿಂದೆ ಬರುತ್ತಿದ್ದ ಪ್ಲಗ್ಗಿನ ಮಾತು ಮಾತ್ರ ಬರಲಿಲ್ಲ. ಅಕ್ಕೋರು ಮೊದಲ ಸಲ ತಿರುಗಿ ಗಂಡನ ಮುಖ ನೋಡಿದರು. ಕೈ ಹಿಂದಕ್ಕೆ ಬಂತು.

ಮಾಸ್ತರು ಬೆಂಚು ದಾಟಿ ಬಂದು ಅವರನ್ನು ಒಣ ನೆಲಕ್ಕೆ ಎಳೆದುಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿ ಟೆಸ್ಟರನ್ನು ಕೂಲರಿನ ಮೈಗೆ ಹಚ್ಚಿದರು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿತು. ಅಷ್ಟು ಸಣ್ಣ ದೀಪ.

ಅಕ್ಕೋರು ಗೋಡೆಗೊರಗಿ ಕುಳಿತರು. ಸೆರಗಿನಿಂದ ಕಾಲಿನ ನೀರು ಒರೆಸಿಕೊಳ್ಳುತ್ತ, "ನಿಮ್ಮ ದನಿ ಕೇಳಿಸ್ತು ನನಗ" ಎಂದರು. ಸ್ಪೀಕರಿನ ದನಿ ಯಾರದೂ ಅಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೂ ಯಾರೂ ಅಲ್ಲವೆನ್ನಲಿಲ್ಲ.

ಮಾಸ್ತರು ತೀರಿಕೊಂಡ ಮೇಲೆ ಅಕ್ಕೋರು ಆ ಪೆಟ್ಟಿಗೆಯನ್ನು ಯಾರಿಗೂ ಕೊಡಲಿಲ್ಲ. ಅದಕ್ಕೆ ಮಾಸ್ತರು ಕಲಿಸಿದ್ದ ಶಬ್ದಗಳನ್ನಷ್ಟೇ ನಕಲು ಮಾಡಿಕೊಳ್ಳಲು ನಮಗೆ ಬಿಟ್ಟರು. ಕುಸನೂರಿನ ನನ್ನ ಕೋಣೆಯ ಕಂಪ್ಯೂಟರಿನಲ್ಲಿ ಈಗ ಅವೇ ಇವೆ. ಕಚೇರಿಯ ಪತ್ರದಲ್ಲಿ 'ಮುಖ್ಯ' ಎಂದೋ 'ಮುಂದೆ' ಎಂದೋ ಬರೆಯಹೊರಟರೆ ಮೊದಲು ಆ ಮಾತೇ ಬಂದು ನಿಲ್ಲುತ್ತದೆ. ಒಂದು ಗೇಣಿನ ಆ ಅಂತರ ಕಣ್ಣೆದುರು ಬರುತ್ತದೆ. ಶಬ್ದವನ್ನು ಅಳಿಸುವುದು ಸುಲಭ, ಅಳಿಸಿಲ್ಲ. ಬೆರಳು ತಡೆದು, ಕತ್ತೆತ್ತಿ ಫ್ಯಾನ್ ನೋಡುತ್ತೇನೆ.