ಸೌಂಡ್ ಸರಬರಾಜು

ಕಂಪ್ಯೂಟರಿನಲ್ಲಿ ಒಂದೊಂದು ಆ್ಯಪಿನ ಸದ್ದನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದೆಂದು ಅಪ್ಪನಿಗೆ ತೋರಿಸಿಕೊಟ್ಟವನು ನಾನೇ. ನಮ್ಮ ಮನೆಗೆಲ್ಲ ಇರುವುದು ಹಾಲ್‌ನಲ್ಲಿಟ್ಟ ಒಂದೇ ಕಂಪ್ಯೂಟರ್. ಮೂಲೆಯ ಸ್ಪೀಕರ್ ಚಿತ್ರ ಒತ್ತಿದರೆ ಸಾಲಾಗಿ ಪಟ್ಟಿಗಳು ತೆರೆದುಕೊಳ್ಳುತ್ತವೆ: ಅಪ್ಪನ ಕ್ರಿಕೆಟ್‌ಗೊಂದು, ನನ್ನ ಆಫೀಸ್ ಮೀಟಿಂಗಿಗೊಂದು, ಅಮ್ಮ ತನ್ನ ತಂಗಿಯ ಜೊತೆ ಮಾತಾಡುವ ವಿಡಿಯೊ ಕಾಲ್‌ಗೊಂದು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟೂ ವಾಲ್ವ್ ಒಂದೇ ಕಡೆ ಇಟ್ಟಿದಾರಲ್ಲ," ಎಂದರು.

ಅವರು ಚಾಮರಾಜಪೇಟೆಯ ಬೀದಿಗಳಿಗೆ ಸರದಿಯ ಮೇಲೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಒಂದು ಬೀದಿಗೆ ವಾಲ್ವ್ ತಿರುಗಿಸಿದರೆ ಇನ್ನೊಂದು ಬೀದಿಯಲ್ಲಿ ಪ್ರೆಷರ್ ಬೀಳುತ್ತದೆ ಎಂಬುದು ಅವರಿಗೆ ರಕ್ತಗತ. ಸದ್ದೂ ಹಾಗೆಯೇ ಎಂದು ತೀರ್ಮಾನಿಸಿಬಿಟ್ಟರು. ಬೆಳಿಗ್ಗೆ ಅಮ್ಮನ ಸ್ತೋತ್ರ, ಆಮೇಲೆ ನನ್ನ ಆಫೀಸು, ಊಟವಾದ ಮೇಲೆ ಕ್ರಿಕೆಟ್ ಎಂದು ಸರದಿ ಗೊತ್ತುಮಾಡಿದರು. ನಾನು ಜಾಸ್ತಿ ಎಳೆದುಕೊಳ್ಳುತ್ತಿದ್ದೇನೆಂದು ಮೀಟಿಂಗಿನ ನಡುವೆ ಕೈ ಚಾಚಿ ಮ್ಯಾನೇಜರ್ ದನಿಯನ್ನು ಅರ್ಧಕ್ಕೆ ಇಳಿಸುತ್ತಿದ್ದರು. ಮೇಲ್ ಬಂದಾಗ ಟಿಂಗ್ ಎನ್ನುವುದು ಲೀಕೇಜ್ ಎಂದು ಅದನ್ನೂ ಬಂದ್ ಮಾಡಿದರು. ಅದರಿಂದ ನಾನು ಆಫೀಸಿನಲ್ಲಿ ಬೈಸಿಕೊಂಡೆ.

ಕೊನೆಗೆ ಎಲ್ಲವನ್ನೂ ನೂರಕ್ಕೆ ಏರಿಸಿ ತೋರಿಸಿದೆ. ಕಾಮೆಂಟರಿಯೂ ಸ್ತೋತ್ರವೂ ಒಟ್ಟಿಗೇ ಅರಚಿದವು. ಯಾವುದರ ಸದ್ದೂ ತಗ್ಗಲಿಲ್ಲ. ಅಪ್ಪ ಕಿವಿ ಮುಚ್ಚಿಕೊಂಡೇ, ಈಗ ಸಂಪ್ ತುಂಬಿದೆ, ಅದಕ್ಕೆ ಬರುತ್ತಿದೆ, ಬೇಸಿಗೆಯಲ್ಲಿ ಗೊತ್ತಾಗುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ಈ ಹಟಕ್ಕೆ ಕಾರಣ ಬೇರೆಯೇ ಇತ್ತು. ಅಮ್ಮನ ಕಿವಿ ಮಂದವಾಗುತ್ತಿತ್ತು. ಹನುಮಂತನಗರದ ಚಿಕ್ಕಮ್ಮ ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದೆ, ಅಕ್ಕತಂಗಿಯರ ಭೇಟಿ ಸಂಜೆಯ ಕಾಲ್‌ಗೆ ಬಂದು ನಿಂತಿತ್ತು. ಅಲ್ಲೂ ಅಮ್ಮ ಈಚೆಗೆ ಹೂಂ ಹೂಂ ಎನ್ನುತ್ತಿದ್ದಳೇ ಹೊರತು ತಂಗಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದರೆ ಅಪ್ಪ ಸಿಡುಕುತ್ತಿದ್ದರು. ಕಿವಿಗೇನೂ ಆಗಿಲ್ಲವಂತೆ, ಪ್ರೆಷರ್ ಸಾಲದಂತೆ. ಅವರಿಗೆ ಭಯವಾಗಿದೆಯೆಂದು ನನಗೆ ಗೊತ್ತಾಗುತ್ತಿತ್ತು, ಆದರೂ ಸಿಟ್ಟೇ ಮುಂದೆ ಬರುತ್ತಿತ್ತು.

ಒಂದು ಸಂಜೆ ನನ್ನ ಮೀಟಿಂಗ್ ಮುಗಿಯುವ ಮುಂಚೆಯೇ ಚಿಕ್ಕಮ್ಮನ ಕಾಲ್ ಬಂತು. ಅಪ್ಪ ಅಮ್ಮನನ್ನು ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿ, ನನ್ನ ಕೈಯಿಂದ ಮೌಸ್ ಕಿತ್ತುಕೊಂಡರು. ಕ್ರಿಕೆಟ್ ಬಂದ್, ಅದೂ ಕೊನೆಯ ಓವರಿನಲ್ಲಿ. ಮ್ಯಾನೇಜರೂ ಬಂದ್, ಪಾಪ, ಆತ ಸದ್ದಿಲ್ಲದೆ ಬಾಯಿ ಆಡಿಸುತ್ತಲೇ ಇದ್ದ. ಕಾಲ್‌ನ ಪಟ್ಟಿ ಆಗಲೇ ನೂರರಲ್ಲಿದೆ, ಉಳಿದವನ್ನು ಇಳಿಸಿದರೆ ಅದೇನೂ ಏರುವುದಿಲ್ಲ ಎಂದು ನಾನು ರೇಗಿದೆ.

"ಸರ್ವೀಸಲ್ಲಿದ್ದಾಗ ನಮ್ಮ ಬೀದಿಗೆ ಒಂದು ಸುತ್ತೂ ಜಾಸ್ತಿ ತಿರುಗಿಸ್ಲಿಲ್ಲ ಕಣೋ," ಅಪ್ಪ ತೆರೆಯಿಂದ ಕಣ್ಣು ತೆಗೆಯದೆ ಹೇಳಿದರು. "ಇವ್ಳು ಬಿಂದಿಗೆ ಇಟ್ಕೊಂಡು ಕಾಯ್ತಾ ಕೂತಿರೋಳು. ಇವತ್ತು ಪೂರ್ತಿ ಇವ್ಳಿಗೇ."

ಅಪ್ಪ ಅಮ್ಮನ ಕಿವಿಯ ಹತ್ತಿರ ಬಗ್ಗಿ, ಈಗ ಹೇಗೆ ಬರುತ್ತಿದೆ ಎಂದು ಗಟ್ಟಿಯಾಗಿ ಕೇಳಿದರು. ಅಮ್ಮ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಚೆನ್ನಾಗಿ ಬರ್ತಿದೆ ರೀ. ಒಂದೊಂದು ಮಾತೂ ಕೇಳಿಸ್ತಿದೆ."

ಅಪ್ಪನ ಮುಖ ಅರಳಿತು. ತೆರೆಯ ಮೇಲೆ ಚಿಕ್ಕಮ್ಮ ಕನ್ನಡಕ ಹುಡುಕುತ್ತಿದ್ದಳು. ಇನ್ನೂ ಬಾಯಿ ತೆರೆದಿರಲಿಲ್ಲ.